‘ವಿಶ್ವಸಂಸ್ಥೆ ದೃಢಪಡಿಸಿದೆ’ ಎನ್ನುವ ರಾಗಿ ಫಾರ್ವರ್ಡ್: ಎಫ್‌ಎಒ ಗ್ರಂಥಾಲಯದಲ್ಲಿದ್ದರೆ ಅದು ಎಫ್‌ಎಒ ಮಾತೇ?

‘ರಾಗಿ ತಿಂದರೆ ಸಕ್ಕರೆ ಕಾಯಿಲೆ ಪೂರ್ತಿ ವಾಸಿ, ಮಾತ್ರೆ ಬೇಡ. ವಿಶ್ವಸಂಸ್ಥೆಯ ಲೈಬ್ರರಿಯಲ್ಲೇ ಇದೆ, ನೋಡಿ!’ ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮೊದಲೇ ಹೇಳಿಬಿಡುತ್ತೇವೆ: ರಾಗಿ ಒಳ್ಳೆಯ ಧಾನ್ಯ, ಆದರೆ ಅದರಲ್ಲೂ ಪಿಷ್ಟವಿದೆ, ತಿಂದರೆ ರಕ್ತದ ಸಕ್ಕರೆ ಏರುತ್ತದೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯ.

ಹಾಗಾದರೆ ‘ಲೈಬ್ರರಿಯಲ್ಲಿದೆ’ ಎನ್ನುವುದು ಸುಳ್ಳೇ? ಕೆಲವೊಮ್ಮೆ ಅದು ನಿಜವೇ ಇರುತ್ತದೆ. ಎಡವಟ್ಟು ಆಗುವುದು ಅಲ್ಲೇ.

ತರಗುಪೇಟೆಯ ದವಸದ ಮಂಡಿಗೆ ಆ ದಿನದ ಧಾರಣೆ ತಿಳಿಯದೆ ಮೂಟೆ ತಂದ ರೈತನಿಗೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಇದೇ ಚಿಂತೆ ಡೇವಿಡ್ ಲುಬಿನ್ ಎಂಬ ಅಮೆರಿಕದ ವರ್ತಕನನ್ನೂ ಕಾಡಿತ್ತು. ಆತನ ಪ್ರಯತ್ನದಿಂದ 1905ರಲ್ಲಿ ರೋಮ್‌ನಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಸ್ಥೆ ಹುಟ್ಟಿತು. ಬೇರೆ ಬೇರೆ ದೇಶಗಳ ಬೆಳೆ ಮತ್ತು ಬೆಲೆಯ ಮಾಹಿತಿ ಒಟ್ಟುಗೂಡಿಸುವುದು ಅದರ ಕೆಲಸ. 1945ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಅಂದರೆ ಎಫ್‌ಎಒ, ಸ್ಥಾಪನೆಯಾದ ಮೇಲೆ ಹಳೆಯ ಸಂಸ್ಥೆಯ ಕೆಲಸವೂ ಪುಸ್ತಕಗಳೂ ಅದಕ್ಕೆ ಸೇರಿದವು. ರೋಮ್‌ನ ಆ ಗ್ರಂಥಾಲಯಕ್ಕೆ ಇಂದಿಗೂ ಲುಬಿನ್ ಹೆಸರೇ ಇದೆ.

ಅಲ್ಲಿಗೆ ಪುಸ್ತಕಗಳು ಒಂದೇ ದಾರಿಯಿಂದ ಬರುವುದಿಲ್ಲ. ಎಫ್‌ಎಒ ತಾನೇ ಪ್ರಕಟಿಸಿದ್ದನ್ನು ಶಾಶ್ವತವಾಗಿ ಉಳಿಸಿಕೊಳ್ಳುತ್ತದೆ. ಹೊರಗಿನ ಪುಸ್ತಕ, ಪತ್ರಿಕೆಗಳನ್ನೂ ಸಂಗ್ರಹಿಸುತ್ತದೆ. ಇವೆರಡಕ್ಕಿಂತ ಬಹು ದೊಡ್ಡದು 1970ರ ದಶಕದಲ್ಲಿ ಶುರುವಾದ ‘ಆಗ್ರಿಸ್’ ಎಂಬ ಸೂಚಿ. ಇದಕ್ಕೆ ಹಲವು ದೇಶಗಳ ಸಂಸ್ಥೆಗಳು ತಮ್ಮಲ್ಲಿನ ಸಂಶೋಧನೆಗಳ ವಿವರವನ್ನು ತಾವೇ ಕಳಿಸುತ್ತವೆ. ಈಗ ಅದರಲ್ಲಿ 1 ಕೋಟಿಗೂ ಹೆಚ್ಚು ದಾಖಲೆಗಳಿವೆ. ಅಷ್ಟನ್ನೂ ಎಫ್‌ಎಒ ಪರೀಕ್ಷಿಸಿ ಒಪ್ಪಿದೆ ಎಂದುಕೊಂಡರೆ ತಪ್ಪು. ಮಂಡಿಯಲ್ಲಿ ಮೂಟೆ ಇಳಿಸಿದ ಮಾತ್ರಕ್ಕೆ ಮಂಡಿಯವರೇ ಬೆಳೆದರು ಎನ್ನುತ್ತೇವೆಯೇ?

ಇಷ್ಟೆಲ್ಲ ಸೇರಿದಾಗ ಹೆಸರಿನ ಗೊಂದಲವೂ ಬರುತ್ತದೆ. ಭಾರತದಲ್ಲಿ ‘ಕೋದೋ’ ಎಂದರೆ ನಮ್ಮ ಹಾರಕ. ನೇಪಾಳದಲ್ಲಿ ಅದೇ ಪದಕ್ಕೆ ರಾಗಿ ಎಂದರ್ಥ! ಅಲ್ಲಿನ ವರದಿಯನ್ನು ಓದಿ ಇಲ್ಲಿ ಹಾರಕ ಕೊಂಡವರ ಗತಿ ಊಹಿಸಿ. ಅದಕ್ಕೇ ಎಫ್‌ಎಒ 1980ರ ದಶಕದಿಂದ ‘ಆಗ್ರೋವಾಕ್’ ಎಂಬ ಪದಕೋಶ ಇಟ್ಟುಕೊಂಡಿದೆ. ಒಂದು ವಸ್ತುವಿಗೆ ಒಂದೇ ಗುರುತು, ಅದರ ಕೆಳಗೆ ಹಲವು ಭಾಷೆಗಳ ಹೆಸರು. ರಾಗಿಗೆ ‘ಎಲ್ಯೂಸಿನ್ ಕೊರಕಾನ’ ಎಂಬ ಸಸ್ಯಶಾಸ್ತ್ರೀಯ ಹೆಸರಿದೆ, ಅದನ್ನು ಹಾಕಿ ಹುಡುಕಿದರೆ ಎಲ್ಲ ದೇಶದ ರಾಗಿಯೂ ಸಿಗುತ್ತದೆ.

ಮುಂದಿನ ಸಲ ಇಂಥ ಲಿಂಕ್ ಬಂದರೆ ಮುಖಪುಟದ ಹಿಂದಿನ ಪುಟ ನೋಡಿ. ಪ್ರಕಾಶಕರು ಎಫ್‌ಎಒ ಅಲ್ಲದಿದ್ದರೆ ಆ ಮಾತು ಬರೆದವರದು, ಅವರ ಸಂಸ್ಥೆಯದು. ಎಫ್‌ಎಒ ಪ್ರಕಟಣೆಗಳಲ್ಲೂ ‘ಅಭಿಪ್ರಾಯ ಲೇಖಕರದು’ ಎಂಬ ಸಾಲು ಸಾಮಾನ್ಯ. ಲಿಂಕೇ ಇಲ್ಲದೆ ಬರೀ ಲೋಗೋ ಅಂಟಿಸಿದ್ದರೆ ಎಫ್‌ಎಒ ಜಾಲತಾಣದಲ್ಲಿ ಶೀರ್ಷಿಕೆ ಹಾಕಿ ಹುಡುಕಿ, ಅದರ ಬಹುತೇಕ ಪ್ರಕಟಣೆಗಳು ಉಚಿತವಾಗಿ ಸಿಗುತ್ತವೆ.

ಇನ್ನು 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ವಿಶ್ವಸಂಸ್ಥೆ ಘೋಷಿಸಿದ್ದು ನಿಜ, ಪ್ರಸ್ತಾವ ಭಾರತದ್ದೇ. ಆದರೆ ಅದು ಬೆಳೆಯಿರಿ, ಬಳಸಿರಿ ಎಂಬ ಉತ್ತೇಜನ. ಕಾಯಿಲೆ ವಾಸಿ ಮಾಡುವ ಪ್ರಮಾಣಪತ್ರವಲ್ಲ.