ಕತ್ತಲಲ್ಲಿ ದುಡಿಯುವ ವಿವರಗಳು

ಅಮೆರಿಕದ ಡಿಸ್ನಿಲ್ಯಾಂಡ್ ಪಾರ್ಕಿನ ಭೂತದ ಮನೆಯ ಆಟ ಹಾಂಟೆಡ್ ಮ್ಯಾನ್ಶನ್ ಬಗ್ಗೆ ಈಗ ಬರುವ ವಿಡಿಯೊಗಳಲ್ಲಿ ಔತಣದ ಮೇಜಿನ ಮೇಲಿನ ಮೂರು ತಟ್ಟೆಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು ದೊಡ್ಡದು, ಎರಡು ಸಣ್ಣವು. ಸೇರಿಸಿ ನೋಡಿದರೆ ಮಿಕ್ಕಿ ಮೌಸ್‌ನ ತಲೆ. ಅದನ್ನು ಪತ್ತೆ ಹಚ್ಚಿದ ಸಂಭ್ರಮದಲ್ಲಿ, ಅದೇ ಮೇಜಿನ ಸುತ್ತ ಹೊಗೆಯಷ್ಟು ತೆಳ್ಳಗೆ ಕೂತ ಭೂತಗಳು ಎಲ್ಲಿಂದ ಬಂದವು, ನಮ್ಮ ಗಾಡಿ ಆ ಕೋಣೆಯನ್ನು ಮಹಡಿಯ ಮೇಲಿನಿಂದಲೇ ಯಾಕೆ ನೋಡಬೇಕು ಎಂದು ಕೇಳುವವರು ಕಡಿಮೆ. ಇನ್ನೊಂದು ಗುಂಪು ಹಳೆಯ ಆಟಗಳ ಸೊಗಸನ್ನೆಲ್ಲ ಬಾಲ್ಯದ ಹಂಬಲದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತದೆ. ರಂಗಸಜ್ಜಿಕೆಯಿಂದ ಇಂಥ ಆಟಗಳನ್ನು ಕಟ್ಟುವ ಕಸುಬಿಗೆ ಬಂದು ಇಲ್ಲೇ ಕೂದಲು ನರೆತ ನನಗೆ ಎರಡೂ ಒಪ್ಪಿಗೆಯಿಲ್ಲ. ಆ ವಿವರಗಳಲ್ಲಿ ಹೆಚ್ಚಿನವು ಶೋಕಿಗೆ ಇಟ್ಟವಲ್ಲ. ಯಂತ್ರವನ್ನು ಮರೆಮಾಡಲು, ಕಣ್ಣನ್ನು ಬೇಕಾದ ಕಡೆ ಎಳೆಯಲು, ಇಲ್ಲದ ಜಾಗವನ್ನು ಇದೆ ಅನ್ನಿಸಲು ಇಟ್ಟವು. ಡಾರ್ಕ್ ರೈಡ್ ಎಂದು ಕರೆಯುವ, ಕತ್ತಲ ಕಟ್ಟಡದೊಳಗೆ ಗಾಡಿಯಲ್ಲೋ ದೋಣಿಯಲ್ಲೋ ಕೂತು ದೃಶ್ಯಗಳ ನಡುವೆ ಹಾಯುವ ಆಟದ ಚರಿತ್ರೆಯನ್ನು ಹಾಗೆ ನೋಡಿದವರು ಕಡಿಮೆ ಇರುವುದರಿಂದ ಈ ಸಮೀಕ್ಷೆ.

ಆರಂಭದ ಕಾಲವನ್ನು ಬೇಗ ದಾಟಬಹುದು. 1901ರಲ್ಲಿ ಅಮೆರಿಕದ ಬಫಲೊ ನಗರದ ವಸ್ತುಪ್ರದರ್ಶನದಲ್ಲಿ ಫ್ರೆಡರಿಕ್ ಥಾಂಪ್ಸನ್ ‘ಎ ಟ್ರಿಪ್ ಟು ದ ಮೂನ್’ ಎಂಬ ಆಟ ಕಟ್ಟಿದ. ಜನ ರೆಕ್ಕೆಯ ಹಡಗು ಹತ್ತಿ ಚಂದ್ರಲೋಕಕ್ಕೆ ಹೊರಡುತ್ತಿದ್ದರು. ಪ್ರಯಾಣವೆಲ್ಲ ಬೆಳಕು ಮತ್ತು ಚಿತ್ರಪಟಗಳದು. ಅದು 1903ರಲ್ಲಿ ಕೋನಿ ಐಲೆಂಡಿನ ಲೂನಾ ಪಾರ್ಕಿಗೆ ಬಂತು. ನೆರೆಯ ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟುಹೋಯಿತು. ಬೆಂಕಿ ಹತ್ತಿದ್ದು ‘ಹೆಲ್ ಗೇಟ್’ ಎಂಬ ದೋಣಿ ಆಟದಲ್ಲಿ, ರಿಪೇರಿ ನಡೆಯುತ್ತಿದ್ದಾಗ. 1920ರ ದಶಕದ ಕೊನೆಗೆ ನ್ಯೂಜೆರ್ಸಿಯ ಲಿಯಾನ್ ಕ್ಯಾಸಿಡಿ ಒಂಟಿ ಹಳಿಯ ಮೇಲೆ ಓಡುವ ಪುಟ್ಟ ಗಾಡಿ ರೂಪಿಸಿ ಪ್ರೆಟ್ಜೆಲ್ ಕಂಪನಿ ಶುರುಮಾಡಿದ. ಗಾಡಿ ಗಕ್ಕನೆ ತಿರುಗುತ್ತಿದ್ದರಿಂದ ಸಣ್ಣ ಕಟ್ಟಡದಲ್ಲೇ ಉದ್ದದ ದಾರಿ ಹಿಡಿಸುತ್ತಿತ್ತು, ಮುಂದಿನ ಗೊಂಬೆ ಕಡೆಯ ಕ್ಷಣದವರೆಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ಈ ಕಸುಬಿನ ಅರ್ಧ ಪಾಠ ಅಲ್ಲೇ ಇದೆ. 1960ರ ದಶಕದಲ್ಲಿ ಕಡಲತಡಿಯ ಊರುಗಳಿಗೆ ದೆವ್ವದ ಮನೆಗಳನ್ನು ಕಟ್ಟಿಕೊಟ್ಟ ಬಿಲ್ ಟ್ರೇಸಿಯ ಹೆಸರು ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿದೆ. ಅದು ಅನ್ಯಾಯ.

ಕ್ಯಾಲಿಫೋರ್ನಿಯದಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡಿನಲ್ಲಿ ಸ್ನೋ ವೈಟ್, ಪೀಟರ್ ಪ್ಯಾನ್, ಮಿಸ್ಟರ್ ಟೋಡ್ ಎಂಬ ಮೂರು ಡಾರ್ಕ್ ರೈಡ್‌ಗಳಿದ್ದವು. ಹೊಳೆಯುವ ಬಣ್ಣ, ನೇರಳಾತೀತ ಬೆಳಕು, ಪ್ಲೈವುಡ್ಡಿನ ಚಪ್ಪಟೆ ಕಟೌಟು: ಸಾಮಗ್ರಿಯೆಲ್ಲ ಜಾತ್ರೆಯದ್ದೇ. ಬರೆದ ಕೈಗಳು ಮಾತ್ರ ಸಿನಿಮಾದ ಹಿನ್ನೆಲೆ ಚಿತ್ರ ಬರೆದು ಪಳಗಿದವು. ಪೀಟರ್ ಪ್ಯಾನ್ ಆಟದಲ್ಲಿ ಗಾಡಿಯನ್ನು ಮೇಲಿನ ಹಳಿಗೆ ತೂಗುಹಾಕಿದ್ದಾರೆ, ಹಾಗಾಗಿ ರಾತ್ರಿಯ ಲಂಡನ್ ನಮ್ಮ ಕಾಲ ಕೆಳಗೆ ಹರಡಿಕೊಳ್ಳುತ್ತದೆ. ಅಲ್ಲಿ ಹರಿದಾಡುವ ವಾಹನಗಳ ದೀಪಗಳೆಂದರೆ ಸೈಕಲ್ ಚೈನಿಗೆ ಹಚ್ಚಿದ ಹೊಳೆಯುವ ಬಣ್ಣದ ಚುಕ್ಕೆಗಳು. ಕಂಡವರಾರೂ ಅದನ್ನು ಚೈನು ಅನ್ನುವುದಿಲ್ಲ. ಎತ್ತರ ಮತ್ತು ಕತ್ತಲೆ ಸೇರಿ ಅದನ್ನು ನಗರ ಮಾಡುತ್ತವೆ.

1964–65ರ ನ್ಯೂಯಾರ್ಕ್ ವಿಶ್ವಮೇಳ ಈ ಕಸುಬಿಗೆ ಹಣವನ್ನೂ ಚಲಿಸುವ ಗೊಂಬೆಗಳನ್ನೂ ದೋಣಿ ವ್ಯವಸ್ಥೆಯನ್ನೂ ಕೊಟ್ಟಿತು. ಅದರ ಫಲ ಡಿಸ್ನಿಲ್ಯಾಂಡಿನ 1967ರ ಆಟ ಪೈರೇಟ್ಸ್ ಆಫ್ ದ ಕೆರಿಬಿಯನ್. ಮೊದಲು ಇದು ಜನ ನಡೆದುಕೊಂಡು ನೋಡುವ ಮೇಣದ ಗೊಂಬೆಗಳ ಸಂಗ್ರಹಾಲಯವಾಗಬೇಕಿತ್ತು. ದೋಣಿ ಬಂದ ಮೇಲೆ ಜಾಗ ಸಾಲಲಿಲ್ಲ. ದೊಡ್ಡ ಕಟ್ಟಡವನ್ನು ಪಾರ್ಕಿನ ಸುತ್ತಲಿನ ರೈಲುದಿಬ್ಬದ ಆಚೆ ಕಟ್ಟಬೇಕಾಯಿತು. ದೋಣಿ ರೈಲುಹಳಿಯ ಕೆಳಗೆ ನುಸುಳಿ ಹೋಗಬೇಕು. ದೋಣಿ ಕೆಳಕ್ಕೆ ಜಾರುವ ಎರಡು ಇಳಿಜಾರುಗಳು ಇರುವುದು ಅದಕ್ಕೆ. ನೋಡುವವರಿಗೋ ಅದು ಸತ್ತ ಕಡಲ್ಗಳ್ಳರ ಕಾಲಕ್ಕೆ ಇಳಿದಂತೆ. ಅದಕ್ಕೂ ಮುನ್ನ ದೋಣಿ ಒಂದು ಹೋಟೆಲಿನ ಪಕ್ಕ ತೇಲುತ್ತದೆ. ಹೊರಗೆ ನಡುಹಗಲಿದ್ದರೂ ಅಲ್ಲಿ ಸದಾ ಮುಸ್ಸಂಜೆ, ನಿಜವಾದ ಜನ ಲಾಟೀನಿನ ಬೆಳಕಲ್ಲಿ ಊಟ ಮಾಡುತ್ತಿರುತ್ತಾರೆ. ಮಿಣುಕುಹುಳಗಳೆಂದರೆ ತಂತಿಯ ತುದಿಯ ಪುಟಾಣಿ ಬಲ್ಬುಗಳು, ಫ್ಯಾನಿನ ಗಾಳಿಗೆ ಅಲುಗುವಂಥವು. ಕೊನೆಯ ಕಡೆ ಒಬ್ಬ ಕುಡುಕ ಸೇತುವೆಯ ಮೇಲೆ ಕೂತು ಕಾಲು ಇಳಿಬಿಟ್ಟಿದ್ದಾನೆ. ದೋಣಿ ಅಡಿಯಲ್ಲಿ ಹಾದಾಗ ಅವನ ಕೊಳಕು ಪಾದ, ಕಾಲಿನ ರೋಮ ನಮ್ಮ ನೆತ್ತಿಯ ಮೇಲೇ. ದೂರದ ದೃಶ್ಯವಾಗಿದ್ದ ಊರು ಆ ಒಂದು ಕಾಲಿನಿಂದ ನಾವಿರುವ ಜಾಗವಾಗಿಬಿಡುತ್ತದೆ.

ಈ ಆಟ ರೂಪಿಸಿದವರಲ್ಲಿ ಎರಡು ಮನೋಧರ್ಮಗಳನ್ನು ಬೇರೆಯಾಗಿ ಗುರುತಿಸಬೇಕು. ಮಾರ್ಕ್ ಡೇವಿಸ್ ಅನಿಮೇಟರ್; ಅವನಿಗೆ ಪಾತ್ರ ಮುಖ್ಯ, ಒಂದು ನೋಟದಲ್ಲಿ ತಿಳಿಯುವ ತಮಾಷೆ ಮುಖ್ಯ. ಬೀಗದ ಕೈ ಕಚ್ಚಿಕೊಂಡ ನಾಯಿಯನ್ನು ಜೈಲಿನೊಳಗಿಂದ ಪುಸಲಾಯಿಸುವ ಕೈದಿಗಳು ಅವನ ಕಲ್ಪನೆ. ಕ್ಲಾಡ್ ಕೋಟ್ಸ್ ಹಿನ್ನೆಲೆ ಚಿತ್ರಕಾರ. ಅವನಿಗೆ ಕೋಣೆ, ಗಾಳಿ, ದೂರ ಮುಖ್ಯ. ಹೊಗಳಿಕೆ ಹೆಚ್ಚು ಸಂದದ್ದು ಡೇವಿಸ್‌ಗೆ. ಅವನ ತಮಾಷೆ ಫೋಟೊದಲ್ಲಿ ಸಿಗುತ್ತದೆ, ಕೋಟ್ಸ್ ಕಟ್ಟಿದ ಕತ್ತಲೆ ಸಿಗುವುದಿಲ್ಲ. ನನ್ನ ಒಲವು ಕೋಟ್ಸ್ ಕಡೆಗೆ.

1969ರ ಆಗಸ್ಟಿನಲ್ಲಿ ತೆರೆದ ಹಾಂಟೆಡ್ ಮ್ಯಾನ್ಶನ್ ಇಬ್ಬರ ಜಗಳದ ರಾಜಿ ಎಂದು ವಿಮರ್ಶಕರು ಬರೆಯುತ್ತ ಬಂದಿದ್ದಾರೆ: ಮೊದಲರ್ಧ ಹೆದರಿಕೆ, ಉಳಿದರ್ಧ ನಗೆ. ಆದರೆ ಆ ಕ್ರಮವೇ ಆಟದ ಬಲ. ಮೊದಲರ್ಧದಲ್ಲಿ ಭೂತಗಳ ಮುಖ ಕಾಣಿಸುವುದೇ ಅಪರೂಪ. ಒಳಗಿನಿಂದ ಯಾರೋ ಒತ್ತಿದಂತೆ ಉಬ್ಬುವ ಬಾಗಿಲು, ಹದಿಮೂರು ಗಂಟೆಗಳ ಗಡಿಯಾರ, ಕಣ್ಣುಗಳಂತೆ ಕಾಣುವ ಗೋಡೆ ಕಾಗದ. ಶುರುವಿನಲ್ಲಿ ಉದ್ದವಾಗುತ್ತ ಹೋಗುವ ಕೋಣೆ ಕ್ಯಾಲಿಫೋರ್ನಿಯದಲ್ಲಿ ನಿಜವಾಗಿ ಒಂದು ಲಿಫ್ಟು. ಜನರನ್ನು ರೈಲುದಿಬ್ಬದ ಅಡಿಗೆ ಇಳಿಸಬೇಕಿತ್ತು, ಇಳಿಸುವ ಕೆಲಸವನ್ನೇ ಕಥೆಯ ಮೊದಲ ದೃಶ್ಯ ಮಾಡಿಕೊಂಡರು. ಗಾಡಿಯ ಎತ್ತರದ ಬೆನ್ನು ನಮ್ಮ ಹಿಂದಿನದನ್ನೂ ಪಕ್ಕದ ಗಾಡಿಯವರನ್ನೂ ಮರೆಮಾಡುತ್ತದೆ; ಗಾಡಿ ಸಿನಿಮಾ ಕ್ಯಾಮೆರಾದ ಹಾಗೆ ಬೇಕಾದ ಕಡೆಗಷ್ಟೇ ನಮ್ಮನ್ನು ತಿರುಗಿಸುತ್ತದೆ.

ಈ ಮನೆಯ ಮಾಯೆಯ ಬಹುಪಾಲು ಯೇಲ್ ಗ್ರೇಸಿಯ ಕೈಯದು. ನಾವು ಹೋಗುವ ಹಾಗೆ ತಲೆ ತಿರುಗಿಸುವ ಅಮೃತಶಿಲೆಯ ಮುಖಗಳಲ್ಲಿ ಒಂದು ಮೋಟರೂ ಇಲ್ಲ. ಅವು ಒಳಕ್ಕೆ ತಗ್ಗಿದ ಅಚ್ಚುಗಳು; ತಗ್ಗಿದ ಮುಖವನ್ನು ಒಪ್ಪದ ನಮ್ಮ ಮಿದುಳು ಅದನ್ನು ಉಬ್ಬಿದ್ದೆಂದೇ ಓದುತ್ತದೆ, ಗಾಡಿ ಚಲಿಸಿದಾಗ ಮುಖ ತಿರುಗುತ್ತದೆ. ಔತಣದ ಕೋಣೆಯಲ್ಲಿ ನಮಗೂ ಮೇಜಿಗೂ ನಡುವೆ ದೊಡ್ಡ ಗಾಜಿದೆ. ಭೂತದ ಗೊಂಬೆಗಳು ಗಾಜಿನ ಈಚೆ, ನಮ್ಮ ಹಾದಿಗಿಂತ ಮೇಲೂ ಕೆಳಗೂ, ಕತ್ತಲಲ್ಲಿ ಅಡಗಿವೆ. ಬೆಳಕು ಬಿದ್ದಾಗ ಅವುಗಳ ಪ್ರತಿಬಿಂಬ ಕೋಣೆಯೊಳಗೆ ಕೂರುತ್ತದೆ. ನಮ್ಮನ್ನು ಮಹಡಿಯ ಎತ್ತರದಲ್ಲಿ ಓಡಿಸುವುದು ಇದಕ್ಕೆ. ಕುಣಿಯುವ ಜೋಡಿಗಳಲ್ಲಿ ಹೆಂಗಸರೇ ಗಂಡಸರನ್ನು ನಡೆಸುವಂತೆ ಕಾಣುವುದೂ ಪ್ರತಿಬಿಂಬದಲ್ಲಿ ಎಡಬಲ ಅದಲುಬದಲಾದದ್ದರಿಂದ. ಉಪಾಯ 1862ರದು, ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ನಾಟಕದ ವೇದಿಕೆಯ ಮೇಲೆ ತೋರಿಸಿದ್ದು. ಕಂಪನಿ ನಾಟಕಗಳ ಟ್ರಿಕ್ ಸೀನುಗಳ ನಡುವೆ ಬೆಳೆದ ನಮ್ಮವರಿಗೆ ಈ ಮನೆತನದ ಪರಿಚಯ ಬೇಗ ಆಗುತ್ತದೆ.

ಅಮೆರಿಕನ್ನರು ಬರೆದ ಚರಿತ್ರೆಗಳಲ್ಲಿ ಹಾಲೆಂಡಿನ ಎಫ್ಟೆಲಿಂಗ್ ಪಾರ್ಕಿಗೆ ಸಿಗುವುದು ಒಂದು ಪ್ಯಾರಾ. ಅಲ್ಲಿನ ಕಾಲ್ಪನಿಕ ಕಥೆಗಳ ಕಾಡು ತೆರೆದದ್ದು 1952ರಲ್ಲಿ, ಡಿಸ್ನಿಲ್ಯಾಂಡಿಗಿಂತ ಮೂರು ವರ್ಷ ಮೊದಲು. ಚಿತ್ರಕಾರ ಆಂಟನ್ ಪೀಕ್ ಬರೆದ ಮನೆಗಳ ಮಾಡು ಸೊಟ್ಟ, ಗೋಡೆ ಡೊಂಕು. ಅವನ್ನು ಇಟ್ಟಿಗೆ, ಮರ, ಹೆಂಚಿನಲ್ಲೇ ಕಟ್ಟಿಸಿದ. ಕಸದ ಬುಟ್ಟಿಯೂ ಅಲ್ಲಿ ಒಬ್ಬ ಹೊಟ್ಟೆಬಾಕ: ಹೋಲೆ ಬೋಲೆ ಹೈಸ್ ಬಾಯಿ ತೆರೆದು ಕಾಗದ ಕೇಳುತ್ತಾನೆ, ಹಾಕಿದರೆ ಎಳೆದುಕೊಂಡು ಉಪಕಾರ ಸ್ಮರಿಸುತ್ತಾನೆ. ಮಕ್ಕಳು ಕಸ ಹುಡುಕಿಕೊಂಡು ಬಂದು ಅವನಿಗೆ ಉಣಿಸುವುದನ್ನು ನೋಡಬೇಕು. 1966ರಲ್ಲಿ ಬೆಲ್ಜಿಯಂ ರಾಣಿ ಫಾಬಿಯೋಲಾ ಬರೆದ ಕಥೆಯ ಮೇಲೆ ಅಲ್ಲಿ ‘ಭಾರತೀಯ ನೈದಿಲೆಗಳು’ ಬಂತು. ಯುರೋಪು ಕಂಡ ಭಾರತ ಅದು, ನಮ್ಮದಲ್ಲ. ಕಪ್ಪೆಗಳ ವಾದ್ಯಮೇಳ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ಪೀಕ್ ನಂತರ ಬಂದ ಟೋನ್ ವಾನ್ ಡೆ ವೆನ್ ನನ್ನ ಪೀಳಿಗೆಯ ನಿಜವಾದ ಗುರು. ಎಫ್ಟೆಲಿಂಗ್‌ಗೆ ಅವನು ರೂಪಿಸಿದ ಆಟಗಳು: 1978ರಲ್ಲಿ ಸ್ಪೋಕ್‌ಸ್ಲಾಟ್ ಎಂಬ ಭೂತದ ಕೋಟೆ, 1986ರಲ್ಲಿ ಫಾಟಾ ಮೊರ್ಗಾನಾ, 1993ರಲ್ಲಿ ಡ್ರೋಮ್‌ವ್ಲುಖ್ಟ್. ಕಡೆಯದರಲ್ಲಿ ತೂಗುವ ಗಾಡಿಗಳು ಯಕ್ಷಿಣಿಯರ ಕಾಡಿನ ಮೇಲೆ ನಿಧಾನ ತೇಲಿ, ಕೊನೆಗೆ ಕುಳ್ಳರ ಜೌಗು ಕಾಡಿನಲ್ಲಿ ಸುರುಳಿ ಸುತ್ತುತ್ತ ವೇಗವಾಗಿ ಇಳಿಯುತ್ತವೆ. ಅಷ್ಟು ಹೊತ್ತು ಕಾಪಾಡಿಕೊಂಡ ನಿಧಾನವನ್ನು ಅವನು ಖರ್ಚು ಮಾಡುವುದು ಅಲ್ಲಿ ಮಾತ್ರ. ಸಿನಿಮಾದ ಹೆಸರಿಲ್ಲ, ವಿವರಣೆಯ ಧ್ವನಿಯಿಲ್ಲ. ಅಮೆರಿಕದಲ್ಲಿ ಇದಕ್ಕೆ ಸರಿಸಾಟಿಯಾದದ್ದು ಡಿಸ್ನಿಯ ಎಪ್ಕಾಟ್ ಪಾರ್ಕಿನಲ್ಲಿ ಭವಿಷ್ಯದ ಬದುಕನ್ನು ತೋರಿಸುತ್ತಿದ್ದ ಹೊರೈಜನ್ಸ್, 1983. ಮರುಭೂಮಿಯಲ್ಲಿ ಬೆಳೆದ ಕಿತ್ತಳೆ ತೋಟದ ದೃಶ್ಯಕ್ಕೆ ಬಂದಾಗ ಕಿತ್ತಳೆಯ ವಾಸನೆ ತೇಲಿಬರುತ್ತಿತ್ತು. ಭವಿಷ್ಯವನ್ನು ನಂಬಿಸಲು ಬೇರೆ ವಾದ ಬೇಕಾಗಲಿಲ್ಲ. 2001ರಲ್ಲಿ ತೆರೆದ ಟೋಕಿಯೊ ಡಿಸ್ನಿಸೀಯ ಸಿಂದಬಾದ್ ಇದೇ ಸಾಲಿನ ಕೊನೆಯ ದೊಡ್ಡ ಕೆಲಸ. 2007ರಲ್ಲಿ ಅದಕ್ಕೆ ಹಾಡನ್ನೂ ಚಂದು ಎಂಬ ಹುಲಿಮರಿಯನ್ನೂ ಸೇರಿಸಿ ಮೃದು ಮಾಡಿದರು. ಮೊದಲಿನ ಬಿರುಸೇ ಚೆನ್ನಾಗಿತ್ತು.

ಅಷ್ಟರಲ್ಲಿ ಪರದೆಗಳ ಕಾಲ ಶುರುವಾಗಿತ್ತು. 1999ರ ಸ್ಪೈಡರ್‌ಮ್ಯಾನ್ ಆಟದಲ್ಲಿ ಕಟ್ಟಿದ ಬೀದಿಯೂ ಮೂರು ಆಯಾಮದ ಚಿತ್ರವೂ ಒಂದನ್ನೊಂದು ಬೆಂಬಲಿಸಿದವು, ಅದು ಒಳ್ಳೆಯ ಕೆಲಸ. ಅದನ್ನು ಅನುಕರಿಸಿದವರು ಬೀದಿಯನ್ನು ಕೈಬಿಟ್ಟು ಪರದೆಯನ್ನಷ್ಟೇ ಉಳಿಸಿಕೊಂಡರು. ಪರದೆಯ ಎದುರು ಪಕ್ಕಕ್ಕೆ ಕಣ್ಣು ಹಾಯಿಸಿದರೆ ಏನೂ ಇಲ್ಲ. ಕೋಟ್ಸ್ ಮತ್ತು ವಾನ್ ಡೆ ವೆನ್ ದುಡಿದದ್ದೆಲ್ಲ ಹಾಗೆ ಪಕ್ಕಕ್ಕೆ ನೋಡುವವರಿಗಾಗಿ.

ಈ ಕ್ಷೇತ್ರದ ಬರಹದಲ್ಲಿ ಕೈಗಳ ಹೆಸರಿಲ್ಲ. ಡಿಸ್ನಿಯ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಆಟದ ಗೊಂಬೆಗಳಿಗೂ ಪೈರೇಟ್ಸ್‌ನ ಕಡಲ್ಗಳ್ಳರಿಗೂ ಬಟ್ಟೆ ರೂಪಿಸಿದ ಆಲಿಸ್ ಡೇವಿಸ್, ಮಾದರಿಗಳನ್ನು ಕಟ್ಟಿದ ಹ್ಯಾರಿಯೆಟ್ ಬರ್ನ್ಸ್ ಈಚೆಗೆ ತುಸು ಬೆಳಕಿಗೆ ಬಂದಿದ್ದಾರೆ. ಮಸುಕಾದ ಹೊಳೆವ ಬಣ್ಣವನ್ನು ಮತ್ತೆ ಮತ್ತೆ ಹಚ್ಚುವವರು, ಭೂತದ ಮನೆಯಲ್ಲಿ ದೂಳು ಜೇಡರ ಬಲೆಗಳನ್ನು ಬೇಕೆಂದೇ ಕಾಪಾಡುವವರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮಲ್ಲಿಯೂ ಸೀನರಿ ಪರದೆ ಬರೆದ ಕಲಾವಿದರ ಮನೆತನಗಳಿವೆ. ಬೆಂಗಳೂರಿನ ಸುತ್ತ ಮನರಂಜನೆಯ ಪಾರ್ಕುಗಳು ಬಂದು ಎರಡು ದಶಕವಾಯಿತು. ನೀರಿನ ಜಾರುಬಂಡೆಗೆ ಸುರಿಯುವ ಹಣದಲ್ಲಿ ಒಂದು ಪಾಲು ಅವರ ಕೈಗೆ ಹೋದರೆ ಎಂಥ ಕತ್ತಲೆ ಬರೆದುಕೊಡಬಲ್ಲರೆಂದು ಬಲ್ಲವರು ಬಲ್ಲರು.

ದಾಖಲೆಯ ಸ್ಥಿತಿ ಇದಕ್ಕಿಂತ ಕೆಟ್ಟದು. ಹೊರೈಜನ್ಸ್ 1999ರಲ್ಲಿ ಮುಚ್ಚಿತು, ಕಟ್ಟಡವನ್ನೂ ಕೆಡವಿದರು. ಅದರ ದೃಶ್ಯಗಳ ಒಳಗಿನ ಫೋಟೊಗಳಲ್ಲಿ ಅತ್ಯುತ್ತಮವಾದವು ಇಬ್ಬರು ಅಭಿಮಾನಿಗಳು ಓಡುವ ಗಾಡಿಯಿಂದ ಕದ್ದು ಇಳಿದು ತೆಗೆದವು. ಸ್ಪೋಕ್‌ಸ್ಲಾಟ್ 2022ರಲ್ಲಿ ಹೋಯಿತು. ಒಂದು ಆಟವನ್ನು ಕೆಡವುವ ಮುನ್ನ ಪ್ರತಿ ದೃಶ್ಯದಲ್ಲಿ ಗಾಡಿಯ ವೇಗ ಎಷ್ಟು, ದೀಪ ಎಲ್ಲಿ, ಯಾವ ಬಣ್ಣ, ಕೂತವರ ಕಣ್ಣಿನ ಎತ್ತರದಿಂದ ಗೊಂಬೆ ಎಷ್ಟು ದೂರ ಎಂದು ಅಳೆದು ಬರೆದಿಡುವುದು ಕೆಲವು ವಾರಗಳ ಕೆಲಸ. ಅದನ್ನು ಕೆಡವುವ ಗುತ್ತಿಗೆಯ ಮೊದಲ ಷರತ್ತಾಗಿ ಬರೆಸಬೇಕು.