ಕಾವಲೂರಿನ ದಾಖಲೆ, ಅಮೀನಗಡದ ಆಕಾಶ: ನಕ್ಷತ್ರ ಆಚ್ಛಾದನೆ ಕುರಿತು ಒಂದು ಟಿಪ್ಪಣಿ

ಯುರೇನಸ್ ಗ್ರಹದ ಉಂಗುರಗಳು ಪತ್ತೆಯಾದ ಕಥೆಯಲ್ಲಿ ಕಾವಲೂರಿನ ಪಾಲನ್ನು ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಎಂಬ ಧಾಟಿಯಲ್ಲಿ ಹೇಳುವುದುಂಟು. ದಾಖಲೆಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ದೂರದ ಕಾಯವೊಂದು ನಕ್ಷತ್ರದ ಮುಂದೆ ಹಾದು ಅದನ್ನು ಮರೆಮಾಡುವುದೇ ಆಚ್ಛಾದನೆ. ನಕ್ಷತ್ರ ಅಪಾರ ದೂರದಲ್ಲಿರುವುದರಿಂದ ಭೂಮಿಯ ಮೇಲೆ ಬೀಳುವ ನೆರಳಿನ ಅಗಲ ಹೆಚ್ಚುಕಡಿಮೆ ಆ ಕಾಯದ ಅಗಲವೇ. ಬೆಳಕು ಯಾವ ಕ್ಷಣ ಹೋಯಿತು, ಯಾವ ಕ್ಷಣ ಮರಳಿತು ಎಂಬೆರಡು ಗೊತ್ತಾದರೆ ಅಳತೆ ಕೈಗೆ ಸಿಗುತ್ತದೆ.

1977ರ ಮಾರ್ಚ್ 10ರಂದು ಯುರೇನಸ್, ಎಸ್‌ಎಒ 158687 ಎಂಬ ನಕ್ಷತ್ರದ ಮುಂದೆ ಹಾಯಬೇಕಿತ್ತು. ಈ ದಿನಾಂಕ ವಿಶ್ವಕಾಲದ ಲೆಕ್ಕದ್ದು. ಕಾವಲೂರಿನ ಗಡಿಯಾರದಲ್ಲಿ ಆಗಲೇ 11ನೇ ತಾರೀಖಿನ ನಡುರಾತ್ರಿ ಕಳೆದಿತ್ತು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ ಈ ವೀಕ್ಷಣಾಲಯ ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿದೆ. ಅಲ್ಲಿನ 102 ಸೆಂ.ಮೀ. ದೂರದರ್ಶಕದಲ್ಲಿ ನಕ್ಷತ್ರದ ಬೆಳಕು ಕೆಲವೇ ಸೆಕೆಂಡುಗಳ ಕಾಲ ಕುಸಿದು ಮತ್ತೆ ಮೇಲೆದ್ದಿತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಅದನ್ನು ಯುರೇನಸ್‌ನ ಹೊಸ ಉಪಗ್ರಹವೆಂದು ವ್ಯಾಖ್ಯಾನಿಸಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಂಡದ್ದು ವಾಸ್ತವದಲ್ಲಿ ಉಂಗುರ.

ಆದರೆ ಅದೇ ರಾತ್ರಿ ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿ ಹಾರುತ್ತಿದ್ದ ಕೈಪರ್ ವೀಕ್ಷಣಾಲಯದ ಜೇಮ್ಸ್ ಎಲಿಯಟ್ ತಂಡವೂ ಮೊದಲು ಉಪಗ್ರಹಗಳ ದಿಕ್ಕಿನಲ್ಲೇ ಯೋಚಿಸಿತ್ತು. ಗ್ರಹ ಅಡ್ಡ ಬರುವ ಮೊದಲಿನ ಕುಸಿತಗಳು, ಆಮೇಲಿನ ಕುಸಿತಗಳು ಗ್ರಹದ ಎರಡೂ ಬದಿ ಸಮದೂರದಲ್ಲಿ ಜೋಡಿಯಾಗಿ ಕೂತಾಗ ಮಾತ್ರ ಉಂಗುರವೆಂಬುದು ಖಚಿತವಾಯಿತು. ಒಂದೇ ಒಂದು ಕುಸಿತವನ್ನು ಮುಂದಿಟ್ಟುಕೊಂಡವರಿಗೆ ಉಪಗ್ರಹವೆನ್ನುವುದೇ ಸರಳವಾದ ಊಹೆ. ಅಷ್ಟಕ್ಕೇ ಕಥೆ ಮುಗಿಯಲೂ ಇಲ್ಲ: ಅದೇ ವರ್ಷ ಭಟ್ಟಾಚಾರ್ಯ ಮತ್ತು ವೈನು ಬಪ್ಪು ತಮ್ಮ ದಾಖಲೆಯನ್ನು ಮರುಪರಿಶೀಲಿಸಿ, ಉಂಗುರ ವ್ಯವಸ್ಥೆಯ ಬಗ್ಗೆ ಅದೇ ಪತ್ರಿಕೆಯಲ್ಲಿ ಮತ್ತೊಂದು ಲೇಖನ ಬರೆದರು. ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇಂಥದೇ ಇನ್ನೊಂದು ಪ್ರಕರಣ 1972ರ ಜೂನ್ 7ರದು. ಗುರುವಿನ ಉಪಗ್ರಹ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ್ದನ್ನು ಕಾವಲೂರಿನಿಂದಲೂ ಇಂಡೋನೇಷ್ಯಾದ ಲೆಂಬಾಂಗ್‌ನಿಂದಲೂ ನೋಡಿದರು. ಅದರಿಂದ ತೆಗೆದ ವ್ಯಾಸ ಇಂದಿನ 5,268 ಕಿ.ಮೀ.ಗೆ ತೀರ ಹತ್ತಿರ ಬಂದಿತ್ತು. ಗ್ಯಾನಿಮೀಡ್‌ಗೆ ವಾತಾವರಣವಿದೆ ಎಂದು ಆಗ ಅಂದಾಜಿಸಿದ್ದ ಒತ್ತಡ ಮಾತ್ರ 1979ರಲ್ಲಿ ವಾಯೇಜರ್ ನೌಕೆಯ ಮುಂದೆ ನಿಲ್ಲಲಿಲ್ಲ. ಎರಡೂ ಪ್ರಕರಣಗಳಲ್ಲಿ ಉಳಿದದ್ದು ಕಾಲ ಮತ್ತು ಸ್ಥಳದ ಅಳತೆ. ಬದಲಾದದ್ದು ಅದರ ಮೇಲೆ ಕಟ್ಟಿದ ಅರ್ಥ.

ಪಟ್ಟದಕಲ್ಲಿನ ಸ್ತಂಭಶಾಸನವೂ ಇದೇ ಜಾತಿಗೆ ಸೇರುತ್ತದೆ. ಇಮ್ಮಡಿ ಕೀರ್ತಿವರ್ಮನ ಕಾಲದ ಆ ಶಾಸನ ಹೇಳುವ ಸೂರ್ಯಗ್ರಹಣವನ್ನು ಕ್ರಿ.ಶ. 754ರ ಜೂನ್ 25ಕ್ಕೆ ಹೊಂದಿಸಿದ್ದಾರೆ. ಬರೆಸಿದವರ ಉದ್ದೇಶ ಖಗೋಳವಲ್ಲ. ಆದರೂ ಇಂದು ಖಗೋಳಜ್ಞರ ಉಪಯೋಗಕ್ಕೆ ಬರುತ್ತದೆ.

ಇಂಥ ಅಳತೆ ಅಮೀನಗಡದಿಂದಲೂ ಸಾಧ್ಯವೇ ಎಂಬ ಪ್ರಶ್ನೆಗೆ ಬರೋಣ. ಕರದಂಟಿಗೆ ಹೆಸರಾದ ಈ ಊರಿನಿಂದ ಕಾವಲೂರಿಗೆ ನೇರ ಗೆರೆ ಎಳೆದರೆ ಸುಮಾರು 500 ಕಿ.ಮೀ. ಪ್ಲೂಟೊದಂಥ 2,377 ಕಿ.ಮೀ. ವ್ಯಾಸದ ಕಾಯಕ್ಕೆ ಎರಡೂ ಕಡೆಯ ವೀಕ್ಷಣೆಗಳು ಎರಡು ಬೇರೆ ಬೇರೆ ಛೇದರೇಖೆಗಳನ್ನು ಕೊಡಬಲ್ಲವು, 100 ಕಿ.ಮೀ.ನ ಕ್ಷುದ್ರಗ್ರಹವಾದರೆ ಒಂದು ಕಡೆ ಕಂಡದ್ದು ಇನ್ನೊಂದು ಕಡೆ ಕಾಣದೆಯೇ ಹೋಗಬಹುದು. ಪ್ಲೂಟೊ ಸದ್ಯಕ್ಕೆ ನಮ್ಮ ಕೈಗೆಟಕುವುದಲ್ಲ. 2020ರ ಜೂನ್ 6ರ ಪ್ಲೂಟೊ ಆಚ್ಛಾದನೆಯನ್ನು ಹಿಡಿದದ್ದು ಉತ್ತರಾಖಂಡದ ದೇವಸ್ಥಲದ 3.6 ಮೀಟರ್ ಮತ್ತು 1.3 ಮೀಟರ್ ದೂರದರ್ಶಕಗಳು. 1988ರಿಂದ ಏರುತ್ತಿದ್ದ ಪ್ಲೂಟೊದ ವಾಯು ಒತ್ತಡ 2015ರ ಬಳಿಕ ಸ್ಥಿರವಾಗಿತ್ತು, ಅದು ಭೂಮಿಯದರ ಸುಮಾರು 80,000ದಲ್ಲಿ ಒಂದು ಪಾಲು ಎಂಬುದು ಅದರಿಂದ ತಿಳಿದದ್ದು.

ಕ್ಷುದ್ರಗ್ರಹಗಳು ಮರೆಮಾಡುವ ಪ್ರಕಾಶಮಾನ ನಕ್ಷತ್ರಗಳಿಗೆ ಮಾತ್ರ ಕಾಲೇಜಿನ 8 ಇಂಚಿನ ದೂರದರ್ಶಕ, ಒಂದು ಕ್ಯಾಮೆರಾ, ಜಿಪಿಎಸ್ ಸಮಯ ಸಾಕು. ಸಮಯದಲ್ಲಿ ಮಾತ್ರ ರಾಜಿ ಕೂಡದು: ಸೆಕೆಂಡಿಗೆ 20 ಕಿ.ಮೀ. ಓಡುವ ನೆರಳಿನಲ್ಲಿ ಹತ್ತನೇ ಒಂದು ಸೆಕೆಂಡ್ ತಪ್ಪಿದರೆ ಅಳತೆ 2 ಕಿ.ಮೀ. ತಪ್ಪುತ್ತದೆ. ಹುನಗುಂದ, ಇಳಕಲ್, ಬಾಗಲಕೋಟೆಯ ಭೌತಶಾಸ್ತ್ರ ಅಧ್ಯಾಪಕರು ಒಂದೇ ರಾತ್ರಿ ಬೇರೆ ಬೇರೆ ಊರುಗಳಿಂದ ನೋಡಿ ದಾಖಲಿಸಲಿ. ನಕ್ಷತ್ರ ಮಂಕಾಗದಿದ್ದರೆ ಅದನ್ನೂ ಬರೆದಿಡಿ. ನೆರಳಿನ ಅಂಚು ಎಲ್ಲಿಗೆ ಮುಗಿಯಿತೆಂದು ಹೇಳುವುದು ಅದೇ.