ಸಿ ಭಾಷೆಯಲ್ಲಿ ಇಮೇಲ್ ಸಂಸ್ಕರಣೆ: ಲೈಬ್ರರಿಗಳನ್ನು ಕನ್ನಡದ ಒರೆಗಲ್ಲಿಗೆ ಹಚ್ಚಿದಾಗ

ಇಮೇಲ್‌ಗೆಂದು ಸಿ ಲೈಬ್ರರಿ ಹುಡುಕುವವರು ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಸರ್ವರಿನೊಡನೆ ವ್ಯವಹರಿಸಿ ಪತ್ರ ತರುವುದು, ಕಳಿಸುವುದು ಒಂದು. ಬಂದ ಪತ್ರವನ್ನು ಬಿಡಿಸಿ ಓದುವುದು ಇನ್ನೊಂದು. ಲಿಬ್‌ಕರ್ಲ್‌ಗೆ ಎಸ್‌ಎಂಟಿಪಿ, ಐಮ್ಯಾಪ್, ಪಾಪ್3 ಮೂರೂ ಗೊತ್ತು, 2017ರ 7.56.0 ಆವೃತ್ತಿಯಿಂದ ಅದು ಮೈಮ್ ಪತ್ರವನ್ನು ಕಟ್ಟಿಯೂ ಕೊಡುತ್ತದೆ. ಆದರೆ ಬಂದ ಪತ್ರ ಅದರ ಪಾಲಿಗೆ ಬರೀ ಬೈಟುಗಳ ಸಾಲು. ಜಿಮೈಮ್‌ಗೆ ನೆಟ್‌ವರ್ಕಿನ ಗೊಡವೆಯೇ ಇಲ್ಲ. ಪತ್ರದ ರಚನೆಯನ್ನು ಬಿಡಿಸುವುದು, ಕಟ್ಟುವುದು ಅದರ ಕಸುಬು. ನಾಟ್‌ಮಚ್ ಎಂಬ ಇಮೇಲ್ ತಂತ್ರಾಂಶ ಪತ್ರಗಳನ್ನು ಓದುವುದು ಇದರಿಂದಲೇ. ಎರಡನ್ನೂ ಬಲ್ಲವು ಕ್ಲಾಸ್ ಮೇಲ್ ಎಂಬ ಇಮೇಲ್ ತಂತ್ರಾಂಶ ಬಳಸುವ ಲಿಬ್‌ಎಟ್‌ಪ್ಯಾನ್ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಬೆಳೆಸಿದ ಸಿ-ಕ್ಲೈಂಟ್. ಎರಡನೆಯದನ್ನು ಹೊಸ ಕೆಲಸಕ್ಕೆ ಆರಿಸುವುದು ಬೇಡ: ಅದರ ಪಾಲನೆ ನಿಂತುಹೋಗಿದೆ. ಪಿಎಚ್‌ಪಿ 8.4ರ ಮೂಲ ವಿತರಣೆಯಿಂದ ಐಮ್ಯಾಪ್ ವಿಸ್ತರಣೆ ಹೊರಬಿದ್ದದ್ದಕ್ಕೆ ಅದೂ ಕಾರಣ.

ಇನ್ನು ಗುಣ ಪರೀಕ್ಷೆ. ಸೌಲಭ್ಯಗಳ ಪಟ್ಟಿಗಿಂತ ಕನ್ನಡದ ಒಂದು ಉದ್ದನೆಯ ಸಬ್ಜೆಕ್ಟ್ ಸಾಲು ಹೆಚ್ಚು ಹೇಳುತ್ತದೆ. 1996ರ ಆರ್‌ಎಫ್‌ಸಿ 2047ರಂತೆ ಹೆಡರಿನಲ್ಲಿ ಸಂಕೇತಿಸಿದ ಪ್ರತಿ ತುಂಡೂ 75 ಚಿಹ್ನೆಗಳೊಳಗಿರಬೇಕು. ಯುಟಿಎಫ್-8, ಬೇಸ್64 ಎಂದು ಸಾರುವ ಗುರುತುಗಳಿಗೇ 12 ಹೋಗುತ್ತವೆ. ಉಳಿದ 63ರಲ್ಲಿ ಬೇಸ್64ರ ನಾಲ್ಕರ ಲೆಕ್ಕಕ್ಕೆ ಕೂರುವುದು 60; ಅಂದರೆ 45 ಬೈಟು. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ 3 ಬೈಟು ಬೇಕಾದ್ದರಿಂದ ತುಂಡಿಗೆ ಸಿಗುವುದು 15 ಸಂಕೇತ ಮಾತ್ರ. ‘ಕ್ಷ’ ಒಂದೇ ಅದರಲ್ಲಿ 3ನ್ನು ನುಂಗುತ್ತದೆ. ಇಂಗ್ಲಿಷಿನ ಸಾಲಿಗೆ ಈ ಪಾಡು ಬರುವುದೇ ಇಲ್ಲ. ಇಂಗ್ಲಿಷ್ ಪತ್ರಗಳಿಂದಷ್ಟೇ ಪರೀಕ್ಷಿಸಿದ ಲೈಬ್ರರಿಯನ್ನು ನಂಬಲಾಗದ್ದು ಇದಕ್ಕೇ.

ಒಂದು ಸಂಕೇತದ ಬೈಟುಗಳನ್ನು ಎರಡು ತುಂಡಿಗೆ ಹಂಚಬಾರದೆಂದು ನಿಯಮವಿದೆ. ಬೈಟುಗಳನ್ನಷ್ಟೇ ಎಣಿಸಿ ಕತ್ತರಿಸುವ ತಂತ್ರಾಂಶಗಳು ಅದನ್ನು ಮುರಿಯುತ್ತವೆ. ಆಗ ಪ್ರತಿ ತುಂಡನ್ನೂ ಬಿಡಿಯಾಗಿ ಯುಟಿಎಫ್-8ಕ್ಕೆ ತಿರುಗಿಸುವ ಲೈಬ್ರರಿ ಸೀಳಿದೆಡೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಉದುರಿಸುತ್ತದೆ. ಜಿಮೈಮ್ ಒಂದೇ ಬಗೆಯ ಅಕ್ಕಪಕ್ಕದ ತುಂಡುಗಳ ಬೈಟುಗಳನ್ನು ಮೊದಲು ಕೂಡಿಸಿ, ಆಮೇಲೆ ತಿರುಗಿಸುತ್ತದೆ. ನನ್ನ ಒಲವು ಅದರ ಕಡೆಗಿರುವುದು ಈ ಉದಾರತೆಗಾಗಿ.

ಸಿಯದೇ ಆದ ತೊಡಕೂ ಒಂದುಂಟು. ಪತ್ರದ ನಡುವೆ ಸೊನ್ನೆ ಬೈಟು ಬಂದರೆ ಸಿ ಸ್ಟ್ರಿಂಗ್ ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತದೆ. ಆದ್ದರಿಂದ ಬೈಟುಗಳ ಜೊತೆಗೆ ಅವುಗಳ ಉದ್ದವನ್ನೂ ಕೇಳುವ ಫಂಕ್ಷನ್‌ಗಳಿವೆಯೇ ಎಂದು ಹೆಡರ್ ಫೈಲಿನಲ್ಲೇ ನೋಡಿಕೊಳ್ಳಬೇಕು.